ಎರಡನೆಯ ಭಾಗದಲ್ಲಿ ಊರಿರಬೇಕು

‘ಬೀಸ್ಟ್ಸ್ ಆಫ್ ನೋ ನೇಷನ್’ ಸಿನಿಮಾ ಮುಗಿಯುವುದು ಕಡಲ ದಂಡೆಯಲ್ಲಿ. ಅಗು ಎಂಬ ಹುಡುಗ ಬಂದೂಕು ಕೆಳಗಿಟ್ಟು ಆರೈಕೆ ಕೇಂದ್ರ ಸೇರಿದ್ದಾನೆ. ಕಂಡದ್ದನ್ನು, ಮಾಡಿದ್ದನ್ನು ಬಾಯಿಬಿಟ್ಟರೆ ಎದುರಿಗೆ ಕೂತ ಹೆಂಗಸು ತನ್ನನ್ನು ಮೃಗವೆಂದುಕೊಂಡಾಳೆಂಬ ಅಳುಕು ಅವನಿಗೆ. ಕೊನೆಗೆ ಉಳಿದ ಹುಡುಗರೊಡನೆ ಓಡಿ ಅಲೆಗಳಿಗೆ ಇಳಿಯುತ್ತಾನೆ. ಕ್ಯಾರಿ ಫುಕುನಾಗ ಘಾನಾದಲ್ಲಿ ಚಿತ್ರಿಸಿ 2015ರಲ್ಲಿ ತೆರೆಗೆ ತಂದ ಈ ಸಿನಿಮಾ ನೋಡಿದಾಗಿನಿಂದ, ಇದಕ್ಕೊಂದು ಎರಡನೆಯ ಭಾಗ ಬೇಕೆಂದು ನನ್ನ ಮನಸ್ಸು ಹಟ ಹಿಡಿದಿದೆ. ಯುದ್ಧದ ಸಿನಿಮಾಗಳು ಗುಂಡಿನ ಸದ್ದು ಅಡಗುತ್ತಲೇ ಮುಗಿದುಬಿಡುತ್ತವೆ. ಆ ಮಗುವಿನ ಮುಂದೆ ಮಾತ್ರ ಐವತ್ತು, ಅರವತ್ತು ವರ್ಷಗಳ ಬದುಕು ಹಾಗೇ ಬಿದ್ದಿರುತ್ತದೆ.

ಆ ಬದುಕು ಹೇಗಿರುತ್ತದೆ? ಸಿಯೆರಾ ಲಿಯೋನ್‌ನ ಇಶ್ಮೇಲ್ ಬೇಯಾ ತನ್ನ ಆತ್ಮಕಥೆಯಲ್ಲಿ ಅದನ್ನು ಬರೆದಿದ್ದಾನೆ. ಅಲ್ಲಿನ ಅಂತರ್ಯುದ್ಧದಲ್ಲಿ, ಹದಿಮೂರರ ಹರೆಯದಲ್ಲಿ ಸೈನ್ಯದವರು ಅವನ ಕೈಗೆ ಬಂದೂಕು ಕೊಟ್ಟರು; ಮಾದಕ ವಸ್ತುವನ್ನೂ ಕೊಟ್ಟರು. 1996ರಲ್ಲಿ ಯುನಿಸೆಫ್‌ನವರು ಬಿಡಿಸಿ ರಾಜಧಾನಿ ಫ್ರೀಟೌನ್‌ಗೆ ಕರೆತಂದಾಗ ಅವನಿಗೆ ಬಿಡುಗಡೆಯ ಸಂತೋಷ ಆಗಲಿಲ್ಲ, ಸಿಟ್ಟು ಬಂತು. ತನ್ನದೆಂದು ಉಳಿದಿದ್ದ ಒಂದೇ ಕುಟುಂಬವಾದ ಪಡೆಯಿಂದ ಕಿತ್ತು ತಂದರೆಂಬ ಸಿಟ್ಟು. ಆರೈಕೆ ಮಾಡುವವರ ಮೇಲೇ ಆ ಹುಡುಗರು ಕೈಮಾಡುತ್ತಿದ್ದರು. ಏಟು ತಿಂದವರು ಮರುದಿನ ಮತ್ತೆ ಬಂದು ಊಟ ಬಡಿಸುತ್ತಿದ್ದರು. ಈ ‘ಮತ್ತೆ ಬಂದು’ ಎಂಬುದರ ಮುಂದೆ ನನ್ನ ತಲೆ ಬಾಗುತ್ತದೆ. ಹುಡುಗ ಹುಷಾರಾಗಿ ಚಿಕ್ಕಪ್ಪನ ಮನೆ ಸೇರಿದ ಕೆಲಕಾಲಕ್ಕೇ, 1997ರ ಮೇ ತಿಂಗಳಲ್ಲಿ ಸೈನ್ಯ ಸರ್ಕಾರವನ್ನು ಉರುಳಿಸಿತು. ಯುದ್ಧ ರಾಜಧಾನಿಗೇ ಬಂತು. ಅವನು ದೇಶವನ್ನೇ ಬಿಡಬೇಕಾಯಿತು.

ಮುಂದೆ 2014ರಲ್ಲಿ ಬೇಯಾ ‘ರೇಡಿಯನ್ಸ್ ಆಫ್ ಟುಮಾರೋ’ ಎಂಬ ಕಾದಂಬರಿ ತಂದ. ಅದು ಯುದ್ಧ ಮುಗಿದ ಮೇಲಿನ ಹಳ್ಳಿಯ ಕತೆ. ಊರಿಗೆ ಮರಳಿದ ಹಿರಿಯರು ಮೊದಲು ಮಾಡುವ ಕೆಲಸ ಎಲುಬುಗಳನ್ನು ಆಯ್ದು ಮಣ್ಣು ಮಾಡುವುದು. ಅದೇ ಊರಿಗೆ ಕೈ ಕಡಿಸಿಕೊಂಡ ಅಪ್ಪ ಮಕ್ಕಳೂ ಬರುತ್ತಾರೆ, ಕಡಿದ ಹುಡುಗನೂ ಬರುತ್ತಾನೆ. ಇಬ್ಬರಿಗೂ ಹೋಗಲು ಬೇರೆ ಊರಿಲ್ಲ. ನಾನು ಬಯಸುವ ಎರಡನೆಯ ಭಾಗ ಹುಟ್ಟುವುದು ಇಲ್ಲಿಂದ.

ಅದರಲ್ಲಿ ಹುಡುಗಿಯರೂ ಇರಬೇಕು. ಸಿಯೆರಾ ಲಿಯೋನ್‌ನಲ್ಲಿ ಸುಮಾರು 7,000 ಮಕ್ಕಳನ್ನು ವಿಧಿವತ್ತಾಗಿ ಪಡೆಗಳಿಂದ ಬಿಡಿಸಿದರು. ಅವರಲ್ಲಿ ಹುಡುಗಿಯರು ಹತ್ತರಲ್ಲಿ ಒಬ್ಬರಿಗಿಂತ ಕಡಿಮೆ. ಪಡೆಗಳಲ್ಲಿ ಅವರ ಪಾಲು ಇದಕ್ಕಿಂತ ಬಹಳ ಹೆಚ್ಚಿತ್ತು. ಅಡುಗೆ ಮಾಡಿದವಳನ್ನು, ಹೊರೆ ಹೊತ್ತವಳನ್ನು, ಕಮಾಂಡರನ ‘ಹೆಂಡತಿ’ ಎನಿಸಿಕೊಂಡವಳನ್ನು ಯಾರೂ ಸೈನಿಕಳೆಂದು ಎಣಿಸಲಿಲ್ಲ. ಎಷ್ಟೋ ಜನ ಕಂಕುಳಲ್ಲಿ ಕೂಸು ಹೊತ್ತು ಸದ್ದಿಲ್ಲದೆ ಊರು ಸೇರಿದರು. ಆ ಕೂಸಿನ ಅಪ್ಪ ಯಾರೆಂದು ಕೇಳುವ ಬಾಯಿಗಳು ಅಲ್ಲಿ ಕಾದಿದ್ದವು.

ಉತ್ತರ ಉಗಾಂಡದ ಅಚೋಲಿ ಜನರಲ್ಲಿ, ಬಹುಕಾಲ ಊರು ಬಿಟ್ಟಿದ್ದವರು ಮನೆ ಹೊಗುವ ಮುನ್ನ ಹಸಿ ಮೊಟ್ಟೆಯನ್ನು ತುಳಿಯುವ ಆಚರಣೆಯಿದೆ. ಪಕ್ಕದಲ್ಲಿ ಕಣಜದ ಮುಚ್ಚಳ ಎತ್ತುವ ಕೋಲನ್ನು ಇಟ್ಟಿರುತ್ತಾರೆ. ಹೊರಗಿನ ಮೈಲಿಗೆ ಇಲ್ಲಿಗೆ ಕಳೆಯಿತು, ಇನ್ನು ನಮ್ಮ ಕಾಳಿನಲ್ಲಿ ನಿನಗೂ ಪಾಲುಂಟು ಎಂದು ಅದರ ಭಾವ. ಮಕ್ಕಳನ್ನು ಹೊತ್ತೊಯ್ಯುತ್ತಿದ್ದ ಬಂಡುಕೋರ ನಾಯಕ ಜೋಸೆಫ್ ಕೋನಿಯ ಪಡೆಯಿಂದ ತಪ್ಪಿಸಿಕೊಂಡು ಬಂದ ಮಕ್ಕಳನ್ನು ಹೀಗೆ ಬರಮಾಡಿಕೊಂಡರು. ಒಂದು ಮೊಟ್ಟೆ ಒಡೆದ ಮಾತ್ರಕ್ಕೆ ನೆರೆಯವರ ಕಣ್ಣಿನ ಸಂಶಯ ಅಳಿಯುವುದಿಲ್ಲ, ನಿಜ. ಆದರೆ ಬಾ ಎಂದು ಕರೆಯಲು ಇಡೀ ಊರು ಬಾಗಿಲಿಗೆ ಬಂದದ್ದನ್ನು ಆ ಮಗು ಕಂಡಿರುತ್ತದೆ.

ಮರಳಿ ಬಾರದವರೂ ಇದ್ದಾರೆ. ಅದೇ ನಾಡಿನ ಡೊಮಿನಿಕ್ ಒಂಗ್ವೆನ್‌ನನ್ನು ಚಿಕ್ಕವನಿದ್ದಾಗ ಶಾಲೆಯ ದಾರಿಯಲ್ಲಿ ಕೋನಿಯ ಪಡೆಯವರು ಹೊತ್ತೊಯ್ದರು. ಅವನು ಬೆಳೆದು ಕಮಾಂಡರ್ ಆದ. ತಾನೇ ಮಕ್ಕಳನ್ನು ಪಡೆಗೆ ಸೇರಿಸಿದ. 2021ರಲ್ಲಿ ಹೇಗ್‌ನ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯ 61 ಅಪರಾಧಗಳಿಗಾಗಿ ಅವನಿಗೆ 25 ವರ್ಷ ಸೆರೆ ವಿಧಿಸಿತು. ಜೀವಾವಧಿ ಶಿಕ್ಷೆ ತಪ್ಪಿದ್ದು ಆ ಅಪಹೃತ ಬಾಲ್ಯವನ್ನು ನೆನೆದು. ತೀರ್ಪನ್ನು ನಾನು ಒಪ್ಪುತ್ತೇನೆ. ಆ ಹುಡುಗನಿಗಾಗಿ ಮರುಗುವುದನ್ನೂ ಬಿಡಲಾರೆ.

ಥೆರೆಸಾ ಬೆಟನ್‌ಕೋರ್ಟ್ ಎಂಬ ಸಂಶೋಧಕಿ 2002ರಿಂದ ಸಿಯೆರಾ ಲಿಯೋನ್‌ನ ಇಂಥ ಮಕ್ಕಳ ಬದುಕನ್ನು ವರ್ಷಗಟ್ಟಲೆ ಹಿಂಬಾಲಿಸಿ ನೋಡಿದ್ದಾರೆ. ಯುದ್ಧದಲ್ಲಿ ಕಂಡ ಕ್ರೌರ್ಯದ ಗಾಯ ದೊಡ್ಡದೇ. ಆದರೆ ಮನೆಯವರು ಒಪ್ಪಿಕೊಂಡರೆ, ಊರು ಹಂಗಿಸುವುದನ್ನು ಬಿಟ್ಟರೆ, ಓದು ಮುಂದುವರಿದರೆ ಆ ಮಕ್ಕಳು ಚೇತರಿಸಿಕೊಳ್ಳುತ್ತಾರೆ ಎಂದು ಅವರ ಅಧ್ಯಯನ ಹೇಳುತ್ತದೆ. ಅಗುವಿನ ಮುಂದಿನ ಕತೆ ಅವನೊಬ್ಬನ ಕೈಯಲ್ಲಿಲ್ಲ ಎಂದು ನಾನು ನಂಬುವುದು ಇದರಿಂದಲೇ. ಮಗುವನ್ನು ಕೊಲೆಗಾರನಾಗಿಸಲು ಒಬ್ಬ ಕಮಾಂಡರ್ ಸಾಕು. ಮತ್ತೆ ಮನುಷ್ಯನಾಗಿಸಲು ಮೇಷ್ಟರು, ಅಜ್ಜಿ, ನೆರೆಮನೆಯವಳು, ಅವನಿಂದಲೇ ನೊಂದವರು ಎಲ್ಲರೂ ಬೇಕು. ಅವರೆಲ್ಲ ವರ್ಷಗಟ್ಟಲೆ ಬೇಸರಿಸದೆ ಜೊತೆಗಿರಬೇಕು. ಈ ಕೆಲಸಕ್ಕೆ ಹಣ ಕೊಡುವವರೂ, ಈ ಬಗ್ಗೆ ಸಿನಿಮಾ ತೆಗೆಯುವವರೂ ಕದನವಿರಾಮದ ದಿನ ಗಂಟುಮೂಟೆ ಕಟ್ಟಬಾರದು. ಅವರ ಕೆಲಸ ಶುರುವಾಗಬೇಕಾದ ದಿನ ಅದು.