ಎರಡು ಬಗೆಯ ಎಣ್ಣೆ

ದೋಸೆ ಕಾವಲಿಯಿಂದ ಎದ್ದ ಮೇಲೆ ಕ್ಯಾಮೆರಾದ ಲೆಕ್ಕದಲ್ಲಿ ಅದಕ್ಕೆ ಉಳಿಯುವ ಆಯಸ್ಸು ನಾಲ್ಕೈದು ನಿಮಿಷ. ಅಷ್ಟರೊಳಗೆ ಪಲ್ಯದ ಹಬೆ ಒಳಗಿನಿಂದ ಅದನ್ನು ಮೆತ್ತಗೆ ಮಾಡುತ್ತದೆ, ಮೇಲೆ ಸವರಿದ ತುಪ್ಪ ಇಂಗಿ ಹೊಳಪು ಹೋಗುತ್ತದೆ, ಸುರುಳಿ ನಡುವೆ ಕುಸಿಯುತ್ತದೆ. ತಿನ್ನಲು ಕೂತವರಿಗೆ ಇದು ಗೊತ್ತಾಗುವುದೇ ಇಲ್ಲ. ಅಷ್ಟು ಹೊತ್ತಿಗೆ ಅವರು ಅರ್ಧ ದೋಸೆ ಮುಗಿಸಿರುತ್ತಾರೆ. ಫೋಟೋ ತೆಗೆಯುವವರಿಗೆ ಮಾತ್ರ ಆ ನಾಲ್ಕೈದು ನಿಮಿಷವೇ ಇಡೀ ದಿನದ ಕೆಲಸ.

ಮುಂಬೈಯ ಘಾಟ್ಕೋಪರಿನಲ್ಲಿ ಒಂದು ಹಳೆಯ ಉಡುಪಿ ಹೋಟೆಲು. ಮಧ್ಯಾಹ್ನದ ಊಟದ ಗಲಾಟೆ ಮುಗಿದು ಸಂಜೆಯ ಕಾಫಿಯವರು ಬರುವುದಕ್ಕೆ ಮೊದಲು, ಮೂರರಿಂದ ನಾಲ್ಕೂವರೆಯವರೆಗೆ ಅಲ್ಲಿ ಸ್ವಲ್ಪ ಬಿಡುವು. ಆ ಬಿಡುವಿನಲ್ಲಿ ಮೂಲೆಯ ಮೇಜಿನ ಮೇಲೆ ಕಪ್ಪು ಬಟ್ಟೆ ಹಾಸಿ, ಕಿಟಕಿಗೆ ಬಿಳಿ ಪರದೆ ಕಟ್ಟಿ, ಮೂವತ್ತನಾಲ್ಕು ವರ್ಷದ ಒಬ್ಬಾಕೆ ದೋಸೆಗೆ ಕಾಯುತ್ತಿದ್ದಳು. ಆಕೆಗೆ ಈ ಹೋಟೆಲು ಹೊಸದಲ್ಲ. ಆಕೆಯ ಅಪ್ಪ ಕುಂದಾಪುರದ ಕಡೆಯಿಂದ ಹದಿಮೂರನೆಯ ವಯಸ್ಸಿಗೆ ಮುಂಬೈಗೆ ಬಂದು, ಹಗಲು ಮಾಣಿಯಾಗಿ ಮೇಜು ಒರೆಸಿ, ರಾತ್ರಿ ಕೋಟೆ ಪ್ರದೇಶದ ಕನ್ನಡ ರಾತ್ರಿಶಾಲೆಯಲ್ಲಿ ಓದಿ, ಕೊನೆಗೆ ಇದೇ ಹೋಟೆಲಿನ ಗಲ್ಲಾದಲ್ಲಿ ಕೂತು ನಿವೃತ್ತರಾದವರು. ಶಾಲೆ ಬಿಟ್ಟ ಮೇಲೆ ಆಕೆ ಹೋಂವರ್ಕ್ ಮಾಡುತ್ತಿದ್ದದ್ದು ಈ ಮೂಲೆಯ ಮೇಜಿನಲ್ಲೇ.

ಹೋಟೆಲನ್ನು ಈಗ ನೋಡಿಕೊಳ್ಳುವವರು ಚಿಕ್ಕ ಶೆಟ್ರು. ಮನೆಮನೆಗೆ ಊಟ ತಲುಪಿಸುವ ಆ್ಯಪಿಗೆ ಹೋಟೆಲನ್ನು ಸೇರಿಸಿದ್ದರು. ಅದರಲ್ಲಿ ಫೋಟೋ ಇಲ್ಲದ ತಿಂಡಿಯನ್ನು ಯಾರೂ ಒತ್ತುವುದಿಲ್ಲ. ಗೋಡೆಯ ಮೇಲೆ ಬಣ್ಣದಲ್ಲಿ ಬರೆದ ತಿಂಡಿಪಟ್ಟಿ ಇಷ್ಟು ವರ್ಷ ಸಾಕಾಗಿತ್ತು. ಅಲ್ಲಿ 'ಮಸಾಲಾ ದೋಸಾ' ಎಂದಷ್ಟೇ ಇತ್ತು, ಪಕ್ಕದಲ್ಲಿ ಬೆಲೆ. ಹೇಗಿರುತ್ತದೆ ಎಂದು ನೋಡಬೇಕಿದ್ದರೆ ಪಕ್ಕದ ಮೇಜಿನ ಕಡೆ ಕಣ್ಣು ಹಾಯಿಸಿದರೆ ಆಯಿತು. ಫೋನಿನಲ್ಲಿ ಪಕ್ಕದ ಮೇಜು ಇರುವುದಿಲ್ಲ.

ಅಡುಗೆ ಭಟ್ಟರಿಗೆ ಅರವತ್ತು ದಾಟಿದೆ. ಅವರು ಹುಯ್ದ ಮೊದಲ ದೋಸೆ ಕೆಲಸಕ್ಕೆ ಬಂತು, ಆದರೆ ಫೋಟೋಗಲ್ಲ, ಬೆಳಕು ಹೊಂದಿಸುವುದಕ್ಕೆ. ಈ ಕಸುಬಿನಲ್ಲಿ ಅಂಥದ್ದಕ್ಕೆ 'ಡಮ್ಮಿ' ಎನ್ನುತ್ತಾರೆ. ಎಲ್ಲ ಸಿದ್ಧವಾದ ಮೇಲೆ ಬರುವುದು 'ಹೀರೋ'. ಹೀರೋ ದೋಸೆ ಬಂದ ಕೂಡಲೇ ಆಕೆ ಅದರ ಹೊಟ್ಟೆಯೊಳಗೆ ರಟ್ಟಿನ ಒಂದು ಕೊಳವೆ ತೂರಿಸಿದಳು, ಸುರುಳಿ ಕುಸಿಯದಿರಲಿ ಎಂದು. ಪಲ್ಯವನ್ನು ಎರಡು ತುದಿಯಲ್ಲಿ ಮಾತ್ರ, ಕಾಣುವಷ್ಟೇ ಇಟ್ಟಳು. ಚಟ್ನಿಯ ನೀರು ಅಂಚಿಗೆ ಒಸರದಂತೆ ಅದನ್ನು ಬಟ್ಟೆಯಲ್ಲಿ ಹಿಂಡಿದ್ದಳು. ಸಾಂಬಾರಿನ ಬಟ್ಟಲಿನ ತಳದಲ್ಲಿ ಸಣ್ಣ ಲೋಟವೊಂದನ್ನು ಕವುಚಿ ಹಾಕಿ, ಅದರ ಮೇಲೆ ನುಗ್ಗೆಕಾಯಿ, ಕ್ಯಾರೆಟ್ಟು ಜೋಡಿಸಿ, ಸುತ್ತ ಸಾಂಬಾರು ಸುರಿದಳು. ಕೊನೆಗೆ ಬ್ರಷ್ಷಿನಲ್ಲಿ ದೋಸೆಯ ಮೈಗೆ ಎಣ್ಣೆ ಸವರಿದಳು.

ಭಟ್ಟರು ಅಷ್ಟೂ ಹೊತ್ತು ಸೌಟು ಹಿಡಿದು ನೋಡುತ್ತಿದ್ದರು. "ಅಲ್ಲ ಮಗಾ, ಬೆಂದ ದೋಸೆಗೆ ಎಣ್ಣೆ ಎಂತಕ್ಕೆ?" ಎಂದರು.

"ಹೊಳಪಿಗೆ ಭಟ್ರೇ. ತಿನ್ನಲಿಕ್ಕಲ್ಲ."

ಭಟ್ಟರು ಮುಂದೆ ಕೇಳಲಿಲ್ಲ. ಫೋಟೋ ಬಹಳ ಚೆನ್ನಾಗಿ ಬಂತು.

ಇದನ್ನು ಮೋಸ ಎಂದು ಒಂದೇ ಮಾತಿನಲ್ಲಿ ತಳ್ಳಿಹಾಕುವುದು ಸುಲಭ. ಆಕೆಯ ವಾದ ಬೇರೆ. ಕ್ಯಾಮೆರಾಕ್ಕೆ ಮೂಗಿಲ್ಲ, ಕಿವಿಯಿಲ್ಲ. ಕಾವಲಿಯ ಮೇಲೆ ಹಿಟ್ಟು ಬಿದ್ದಾಗಿನ ಚುಂಯ್ ಎನ್ನುವ ಸದ್ದು, ಇಂಗಿನ ಒಗ್ಗರಣೆಯ ಪರಿಮಳ, ಬೆರಳಿಗೆ ತಾಗುವ ಬಿಸಿ ಯಾವುದೂ ಫೋಟೋದೊಳಗೆ ಬರುವುದಿಲ್ಲ. ಬೆಳಕು ಕೊಡದೆ ತೆಗೆದರೆ ಜಗತ್ತಿನ ಅತ್ಯುತ್ತಮ ಸಾಂಬಾರೂ ಕೆಸರುನೀರಿನ ಹಾಗೆ ಕಾಣುತ್ತದೆ. ಹಾಗೆ ತೋರಿಸುವುದೂ ಸುಳ್ಳೇ. ಕಳೆದುಹೋಗುವ ಮೂರು ಇಂದ್ರಿಯಗಳ ಸುಖವನ್ನು ಉಳಿದ ಒಂದರಲ್ಲಿ ಹೇಗಾದರೂ ತುಂಬಿಕೊಡುವುದು ತನ್ನ ಕೆಲಸ ಎಂದು ಆಕೆ ಹೇಳುತ್ತಾಳೆ. ಅನುವಾದದಂಥ ಕೆಲಸ. ಎಷ್ಟು ತುಂಬಿಕೊಡಬಹುದು ಎನ್ನುವುದರಲ್ಲೇ ತಕರಾರು.

ಈ ತಕರಾರು ಅಮೆರಿಕದಲ್ಲಿ ಕೋರ್ಟಿನವರೆಗೂ ಹೋಗಿತ್ತು. ಕ್ಷೌರದ ನೊರೆಯ ಒಂದು ಟಿವಿ ಜಾಹೀರಾತಿನಲ್ಲಿ, ಆ ನೊರೆ ಹಚ್ಚಿದರೆ ಮರಳುಕಾಗದವನ್ನೂ ನುಣ್ಣಗೆ ಬೋಳಿಸಬಹುದು ಎಂದು ತೋರಿಸಿದ್ದರು. ನಿಜದಲ್ಲಿ ಅಲ್ಲಿದ್ದದ್ದು ಮರಳುಕಾಗದವಲ್ಲ, ಗಾಜಿನಂಥ ಪ್ಲಾಸ್ಟಿಕ್ಕಿನ ಮೇಲೆ ಉದುರಿಸಿದ ಮರಳು. 1965ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಇದು ತಪ್ಪು ಎಂದಿತು. ಕಂಪನಿಯ ಕಡೆಯವರು ಐಸ್‌ಕ್ರೀಮಿನ ಮಾತೆತ್ತಿದ್ದರು. ಸ್ಟುಡಿಯೋದ ದೀಪದ ಬಿಸಿಗೆ ಐಸ್‌ಕ್ರೀಂ ಕರಗುತ್ತದೆ. ಅದಕ್ಕೇ ಬೇಯಿಸಿ ಹಿಸುಕಿದ ಆಲೂಗಡ್ಡೆ ಇಡುತ್ತಾರೆ. ಹಾಗಾದರೆ ಅದೂ ಅಪರಾಧವೇ? ಕೋರ್ಟು ಒಂದು ಗೆರೆ ಎಳೆಯಿತು. ಆಲೂಗಡ್ಡೆ ಸುಮ್ಮನೆ ದೃಶ್ಯದಲ್ಲಿ ಇದ್ದರೆ ತೊಂದರೆಯಿಲ್ಲ. ನಮ್ಮ ಐಸ್‌ಕ್ರೀಮಿನ ಬಣ್ಣ ನೋಡಿ, ಗಟ್ಟಿತನ ನೋಡಿ ಎಂದು ಅದನ್ನೇ ಪುರಾವೆಯಾಗಿ ತೋರಿಸಿದರೆ ತಪ್ಪು.

ಇನ್ನೊಂದು ಪ್ರಕರಣ ಕ್ಯಾಂಪ್‌ಬೆಲ್ ಸೂಪಿನದು. 1960ರ ದಶಕದ ಕೊನೆಯಲ್ಲಿ ಅದರ ಜಾಹೀರಾತಿಗಾಗಿ ಬಟ್ಟಲಿನ ತಳಕ್ಕೆ ಗಾಜಿನ ಗೋಲಿಗಳನ್ನು ಹಾಕಿದ್ದರು, ತರಕಾರಿ ತುಂಡುಗಳು ಮುಳುಗದೆ ಮೇಲೆ ಕಾಣಲಿ ಎಂದು. ಸರ್ಕಾರದ ವ್ಯಾಪಾರ ಆಯೋಗ ಆಕ್ಷೇಪಿಸಿತು. 1970ರಲ್ಲಿ ಕಂಪನಿ ಇನ್ನು ಹಾಗೆ ಮಾಡುವುದಿಲ್ಲ ಎಂದು ಒಪ್ಪಿಕೊಂಡಿತು. ಘಾಟ್ಕೋಪರಿನ ಸಾಂಬಾರಿನ ಬಟ್ಟಲಿನಲ್ಲಿ ಕವುಚಿ ಕೂತ ಲೋಟ ಆ ಗೋಲಿಗಳ ನೇರ ಸಂಬಂಧಿಯೇ.

ಆಕೆಯ ಮನೆ ಬಾಡಿಗೆ ಕಟ್ಟುವುದು ಮಾತ್ರ ದೋಸೆಯಲ್ಲ, ಬಾಟಲಿ. ತಿಂಗಳಲ್ಲಿ ಐದಾರು ದಿನ ಅಂಧೇರಿಯ ಒಂದು ಬಾಡಿಗೆ ಸ್ಟುಡಿಯೋದಲ್ಲಿ ವಿಸ್ಕಿ, ರಮ್ಮು, ಜಿನ್ನು. ಬೆಂಗಳೂರಿನ ಹುಡುಗರು ಹೆಂಡಕ್ಕೆ ಎಣ್ಣೆ ಎನ್ನುವುದರಿಂದ ಆಕೆಯ ಗೆಳತಿಯರಿಗೆ ಅದೊಂದು ತಮಾಷೆ: ಬೆಳಿಗ್ಗೆ ದೋಸೆಗೆ ಎಣ್ಣೆ, ರಾತ್ರಿ ಬರೀ ಎಣ್ಣೆ.

ಬಾಟಲಿಯ ಫೋಟೋ ದೋಸೆಗಿಂತ ಕಷ್ಟ. ಗಾಜು ಎದುರಿಗಿರುವ ಎಲ್ಲವನ್ನೂ ಪ್ರತಿಫಲಿಸುತ್ತದೆ. ಫೋಟೋ ತೆಗೆಯುವವಳ ಮುಖವನ್ನೂ. ಎರಡು ಪಕ್ಕದಲ್ಲಿ ಉದ್ದನೆಯ ಮೆತ್ತನೆಯ ದೀಪಗಳನ್ನು ನಿಲ್ಲಿಸಿ ಗಾಜಿನ ಅಂಚನ್ನು ಬಿಡಿಸಬೇಕು. ಒಳಗಿನ ದ್ರವ ಬೆಳಗಬೇಕಾದರೆ ಬಾಟಲಿಯ ಆಕಾರಕ್ಕೇ ಕತ್ತರಿಸಿದ ಬೆಳ್ಳಿಯ ಕಾಗದವನ್ನು ಅದರ ಬೆನ್ನಿಗೆ ಅಡಗಿಸಿ, ಅದಕ್ಕೆ ಬೆಳಕು ಬಿಡಬೇಕು. ವಿಸ್ಕಿಯ ಬಣ್ಣ ತೀರಾ ದಟ್ಟವಾಗಿ ಬಂದರೆ ನೀರು ಬೆರೆಸಬೇಕು. ಲೋಟದಲ್ಲಿರುವುದು ಮಂಜುಗಡ್ಡೆಯಲ್ಲ, ಅಕ್ರಿಲಿಕ್ ತುಂಡುಗಳು. ಹೊರಮೈಯ ಬೆವರ ಹನಿಗಳು ನೀರಿಗೆ ಗ್ಲಿಸರಿನ್ ಬೆರೆಸಿ ಸಿಂಪಡಿಸಿದ್ದು, ಗಂಟೆಗಟ್ಟಲೆ ಇಳಿಯುವುದಿಲ್ಲ. ಲೇಬಲ್ಲಿಗೆ ಒಂದು ಫೋಟೋ, ಮುಚ್ಚಳಕ್ಕೆ ಒಂದು, ದ್ರವಕ್ಕೆ ಒಂದು, ಹೀಗೆ ಹತ್ತಾರನ್ನು ಕಂಪ್ಯೂಟರಿನಲ್ಲಿ ಹೊಲಿದ ಮೇಲೆ ಒಂದು ಬಾಟಲಿ ಹುಟ್ಟುತ್ತದೆ.

ಈ ಫೋಟೋಗಳು ಹೋಗುವ ದಾರಿಯೂ ಓರೆ. 1994ರ ಕೇಬಲ್ ಟೆಲಿವಿಷನ್ ನಿಯಮಗಳಡಿ ಟಿವಿಯಲ್ಲಿ ಹೆಂಡದ ಜಾಹೀರಾತು ಸಲ್ಲದು. ಅದಕ್ಕೇ ಅದೇ ಹೆಸರಿನ ಸೋಡಾ, ಕುಡಿಯುವ ನೀರು, ಹಾಡಿನ ಸಿಡಿಗಳ ಜಾಹೀರಾತುಗಳು ವರ್ಷಗಟ್ಟಲೆ ಬಂದವು. 2022ರ ಜೂನ್‌ನಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಇಂಥ ಬದಲಿ ಜಾಹೀರಾತುಗಳನ್ನೂ ನಿಷೇಧಿಸಿ ಮಾರ್ಗಸೂಚಿ ತಂದಿತು. ಆಕೆ ತೆಗೆದ ಬಾಟಲಿಗಳು ಬಾರಿನ ಮೆನು ಕಾರ್ಡಿನಲ್ಲಿ, ವಿಮಾನ ನಿಲ್ದಾಣದ ಅಂಗಡಿಯಲ್ಲಿ, ಮಾರಾಟಗಾರರ ಕೈಪಿಡಿಯಲ್ಲಿ ಕಾಣಿಸಿಕೊಳ್ಳುತ್ತವೆ.

ಮನೆಯಲ್ಲಿ ಮಾತ್ರ ಬದಲಿ ಜಾಹೀರಾತು ಇನ್ನೂ ನಡೆಯುತ್ತಿತ್ತು. ಊರಿಗೆ ಮರಳಿದ ಅಪ್ಪ ಅಮ್ಮ ರಾತ್ರಿ ಫೋನು ಮಾಡಿ "ಇವತ್ತು ಯಾವುದರ ಫೋಟೋ?" ಎಂದು ಕೇಳಿದರೆ ಆಕೆ "ಸೋಡಾದ್ದು" ಎನ್ನುತ್ತಿದ್ದಳು. ಅಪ್ಪ ಜೀವಮಾನದಲ್ಲಿ ಕುಡಿದವರಲ್ಲ. ಹೋಟೆಲಿನ ಎಷ್ಟೋ ಮಾಣಿಗಳು ಸಂಬಳವನ್ನು ಕುಡಿದು ಕಳೆದದ್ದನ್ನು ಗಲ್ಲಾದಲ್ಲಿ ಕೂತು ಕಂಡವರು. ಆಕೆಗೆ ನಾಚಿಕೆ ಇದ್ದದ್ದು ಕೆಲಸದ ಬಗ್ಗೆಯೋ ಸುಳ್ಳಿನ ಬಗ್ಗೆಯೋ ಎಂದು ಕೇಳಿದ್ದರೆ ಉತ್ತರ ಕಷ್ಟವಿತ್ತು.

ಮಳೆಗಾಲದಲ್ಲಿ ಒಂದು ದಿನ ಘಾಟ್ಕೋಪರಿನ ಕಡೆ ಹೋದವಳು ಕಾಫಿಗೆಂದು ಹೋಟೆಲಿಗೆ ಹೊಕ್ಕಳು. ಗಲ್ಲಾದಲ್ಲಿ ಚಿಕ್ಕ ಶೆಟ್ರ ಮುಖ ಸಣ್ಣದಾಗಿತ್ತು. ಫೋಟೋ ಹಾಕಿದ ಮೇಲೆ ಆರ್ಡರ್ ಏರಿತ್ತು, ನಿಜ. ಅದರ ಹಿಂದೆಯೇ ದೂರುಗಳೂ ಬಂದಿದ್ದವು. ದೋಸೆ ಮೆತ್ತಗಿದೆ. ಫೋಟೋದಲ್ಲಿ ಇದ್ದ ಹಾಗಿಲ್ಲ. ಸಾಂಬಾರಿನಲ್ಲಿ ತರಕಾರಿ ಎಲ್ಲಿ? ಕೆಲವು ದೂರಿಗೆ ಆ್ಯಪಿನವರು ಗಿರಾಕಿಗೆ ಹಣ ಮರಳಿಸಿ ಹೋಟೆಲಿನ ಲೆಕ್ಕದಲ್ಲಿ ಮುರಿದುಕೊಂಡಿದ್ದರು. ಶೆಟ್ರು ಫೋಟೋವನ್ನು ದೊಡ್ಡದಾಗಿ ಪ್ರಿಂಟು ಮಾಡಿಸಿ ಅಡುಗೆಮನೆಯ ಗೋಡೆಗೆ ಅಂಟಿಸಿದ್ದರು. ಹೀಗೆ ಮಾಡಿ ಭಟ್ರೇ, ಇದೇ ಥರ.

ಆಕೆ ಒಳಗೆ ಹೋದಳು. ಭಟ್ಟರು ಪಾರ್ಸೆಲ್ಲಿಗೆ ಇಟ್ಟ ದೋಸೆಯ ಮೇಲೆ ಸೌಟಿನ ಬೆನ್ನಿನಿಂದ ಎಣ್ಣೆ ಸವರುತ್ತಿದ್ದರು.

ಮೂವತ್ತು ವರ್ಷ ಅದೇ ಕಾವಲಿಯ ಮುಂದೆ ನಿಂತ ಮನುಷ್ಯ, ಯಾವ ದೋಸೆಗೆ ಎಷ್ಟು ಎಣ್ಣೆ ಬೇಕೆಂದು ಕೈಗೇ ಗೊತ್ತಿರುವವರು, ಬೆಂದ ದೋಸೆಗೆ ಮತ್ತೆ ಎಣ್ಣೆ ಹಾಕುತ್ತಿದ್ದರು. ಸಾಂಬಾರನ್ನೂ ಗಟ್ಟಿ ಮಾಡಿದ್ದರು. ತರಕಾರಿ ಮೇಲೆ ಕಾಣಬೇಕಲ್ಲ. "ಆದರೂ ಅದು ತಳಕ್ಕೇ ಹೋಗ್ತದೆ ಮಗಾ," ಎಂದರು. ಮಾತಿನಲ್ಲಿ ಸಿಟ್ಟು ಇರಲಿಲ್ಲ. "ನನಗೆ ವಯಸ್ಸಾಯ್ತು ಕಾಣ್ತದೆ. ದೀಪಾವಳಿ ಮುಗಿಸಿ ಊರಿಗೆ ಹೋಗುವ ಅಂತ."

ಬಟ್ಟಲಿನ ತಳದಲ್ಲಿ ಲೋಟ ಇತ್ತು ಎನ್ನುವುದು ಅವರಿಗೆ ಗೊತ್ತಿರಲಿಲ್ಲ. ಆಕೆ ಅದನ್ನು ಇಡುವಾಗ ಅವರು ಚಟ್ನಿ ತರಲು ಹೋಗಿದ್ದರು.

ಆ ಅಡುಗೆಮನೆಯಲ್ಲಿ ನಿಂತಾಗ, ಕೋರ್ಟು ಎಳೆದ ಗೆರೆ ಆಕೆಗೆ ಹೊಸದಾಗಿ ಅರ್ಥವಾಗಿರಬೇಕು. ಗೋಡೆಗೆ ತೂಗುಹಾಕಿದ ಚಿತ್ರದಲ್ಲಿ ದೋಸೆ ಎಷ್ಟು ಹೊಳೆದರೂ ಅದು ಅಲಂಕಾರ. ಬೆಲೆಯ ಪಕ್ಕದಲ್ಲಿ, ಒತ್ತುವ ಗುಂಡಿಯ ಮೇಲೆ ಅದೇ ಚಿತ್ರ ಕೂತರೆ ಅದು ಮಾತು ಕೊಟ್ಟ ಹಾಗೆ. ಮಾತು ಕೊಟ್ಟವಳು ಆಕೆ, ಉಳಿಸಿಕೊಳ್ಳಬೇಕಾದವರು ಭಟ್ಟರು. ವಿಸ್ಕಿಯಲ್ಲಿ ಈ ತೊಂದರೆ ಬರುವುದಿಲ್ಲ. ಬಾಟಲಿಯಲ್ಲಿರುವುದು ಫೋಟೋದ ಹಾಗಿಲ್ಲ ಎಂದು ಯಾರೂ ದೂರುವುದಿಲ್ಲ. ಅಲ್ಲಿ ಫೋಟೋ ಮಾರುವುದು ಒಂದು ಸಂಜೆಯನ್ನು, ಒಂದು ಗೆಳೆತನವನ್ನು. ಅದು ಬಾಟಲಿಯೊಳಗೆ ಇರಲಿಲ್ಲ ಎಂದು ಗೊತ್ತಾದವರು ಹಣ ವಾಪಸು ಕೇಳುವ ಕಿಟಕಿ ಎಲ್ಲೂ ಇಲ್ಲ.

ಆಕೆ ಭಟ್ಟರಿಗೆ ಲೋಟದ ವಿಷಯ ಹೇಳಿದಳು. ರಟ್ಟಿನ ಕೊಳವೆ, ಹಿಂಡಿದ ಚಟ್ನಿ ಎಲ್ಲ ಹೇಳಿದಳು. ಭಟ್ಟರು ಸ್ವಲ್ಪ ಹೊತ್ತು ಸುಮ್ಮನಿದ್ದು, ಗೋಡೆಯ ಪ್ರಿಂಟನ್ನು ಹತ್ತಿರ ಹೋಗಿ ನೋಡಿದರು. ಆಮೇಲೆ ಎಣ್ಣೆಯ ಪಾತ್ರೆ ತೆಗೆದು ಅದರ ಜಾಗಕ್ಕೆ ಇಟ್ಟರು.

ಮರುವಾರ ಆಕೆ ಮತ್ತೆ ಕ್ಯಾಮೆರಾ ತಂದಳು. ಈ ಸಲ ದುಡ್ಡು ಕೇಳಲಿಲ್ಲ. ಒಂದು ಮಸಾಲೆ ದೋಸೆಯನ್ನು ಮಡಿಚಿ ಪಾರ್ಸೆಲ್ ಕಟ್ಟಿಸಿ, ಇಪ್ಪತ್ತೈದು ನಿಮಿಷ ಗಡಿಯಾರ ನೋಡುತ್ತ ಕೂತಳು. ಆಮೇಲೆ ಬಿಚ್ಚಿ, ಸ್ಟೀಲಿನ ತಟ್ಟೆಗೆ ಹಾಕಿ, ಕಿಟಕಿಯ ಬೆಳಕಿನಲ್ಲಿ ತೆಗೆದಳು. ಮೆತ್ತಗಿನ, ಬಂಗಾರದ ಬಣ್ಣ ಮಾಸದ ದೋಸೆ. ಸಾಂಬಾರಿನಲ್ಲಿ ತರಕಾರಿ ಮುಳುಗಿತ್ತು. ಅದಕ್ಕೆ ಒಂದು ಚಮಚದಲ್ಲಿ ನುಗ್ಗೆಕಾಯಿಯ ತುಂಡನ್ನು ಎತ್ತಿ ಹಿಡಿದು ತೆಗೆದಳು, ತಿನ್ನುವವರು ಎತ್ತುವ ಹಾಗೆಯೇ. ತರಕಾರಿ ಇದೆ, ಹುಡುಕಬೇಕು. ಅಷ್ಟನ್ನು ಫೋಟೋ ಸುಳ್ಳಿಲ್ಲದೆ ಹೇಳಬಲ್ಲದು. ಬೆಳಕು ಕೂರಿಸಲು ಅವತ್ತು ಹಿಡಿದ ಸಮಯ ಮೊದಲ ಸಲದ ಎರಡರಷ್ಟು.

ಶೆಟ್ರಿಗೆ ಪೂರ್ತಿ ಒಪ್ಪಿಗೆಯಾಗಲಿಲ್ಲ. ಆರ್ಡರ್ ಸ್ವಲ್ಪ ಇಳಿಯಿತು. ದೂರೂ ಇಳಿಯಿತು. ಎರಡನ್ನೂ ಕೂಡಿಸಿ ಕಳೆದು ನೋಡಿ, ಇರಲಿ ಎಂದರು. ಅಡುಗೆಮನೆಯ ಪ್ರಿಂಟನ್ನು ಯಾರೋ ತೆಗೆದಿದ್ದರು. ಭಟ್ಟರು ಊರಿನ ಮಾತು ಮತ್ತೆ ಎತ್ತಲಿಲ್ಲ, ಬಿಟ್ಟಿದ್ದಾರೆಂದೂ ಹೇಳಲಿಲ್ಲ. ಹೊಸ ಫೋಟೋವನ್ನು ಫೋನಿನಲ್ಲಿ ದೊಡ್ಡದು ಮಾಡಿ ನೋಡಿ ಅವರು ಹೇಳಿದ್ದು ಒಂದೇ ಮಾತು: "ಸಾಂಬಾರಿನ ಬಣ್ಣ ಸರಿ ಬಂದಿದೆ."

ವಿಸ್ಕಿಯ ಕೆಲಸವನ್ನು ಆಕೆ ಬಿಟ್ಟಿಲ್ಲ. ಬಿಡುವಷ್ಟು ಅನುಕೂಲವೂ ಇಲ್ಲ. ಅಕ್ರಿಲಿಕ್ ತುಂಡುಗಳು ಈಗಲೂ ಆಕೆಯ ಪೆಟ್ಟಿಗೆಯಲ್ಲಿ, ಹತ್ತಿಯಲ್ಲಿ ಸುತ್ತಿಕೊಂಡು ಇವೆ. ಆದರೆ ಆ ವಾರದ ಒಂದು ರಾತ್ರಿ ಅಂಧೇರಿಯಿಂದ ಮರಳುವಾಗ, ರಿಕ್ಷಾದಲ್ಲಿ ಕೂತು ಊರಿನ ಫೋನು ಎತ್ತಿದಳು. ಎಂದಿನ ಹಾಗೆ ಅಪ್ಪ ಕೇಳಿದರು, ಇವತ್ತು ಯಾವುದರ ಫೋಟೋ ಎಂದು.

"ವಿಸ್ಕಿಯದ್ದು ಅಪ್ಪ," ಎಂದಳು.

ಆ ಕಡೆ ಸ್ವಲ್ಪ ಹೊತ್ತು ಮಳೆಯ ಸದ್ದು ಮಾತ್ರ ಕೇಳಿತು.

"ಊಟ ಆಯ್ತಾ?" ಎಂದು ಕೇಳಿದರು ಅಪ್ಪ.