ಹಗ್ಗದಿಂದ ಹೊಲಿದ ದೋಣಿ

1988ರಲ್ಲಿ ನನಗೆ ಹತ್ತೊಂಬತ್ತು ವರ್ಷ. ಸೋದರಮಾವನ ಲಾರಿಗೆ ಕ್ಲೀನರ್ ಆಗಿ, ಗಡಹಿಂಗ್ಲಜ ಪೇಟೆಯ ಮೆಣಸಿನಕಾಯಿ ಹೇರಿಕೊಂಡು ಕೇರಳದ ಆಲಪ್ಪುಳಕ್ಕೆ ಹೋಗಿದ್ದೆ. ಗಡಹಿಂಗ್ಲಜ ಕಡೆಯ ಹಲಕರ್ಣಿಯಲ್ಲಿ ಬೆಳೆದ ನನಗೆ ಮಾಲು ಸಾಗಿಸುವುದು ಅಂದರೆ ಚಕ್ಕಡಿ, ಟ್ರ್ಯಾಕ್ಟರ್, ಲಾರಿ. ಅಲ್ಲಿ ಕಾಲುವೆಯ ದಂಡೆಗೆ ನಮ್ಮ ಲಾರಿಗಿಂತ ಎಷ್ಟೋ ಉದ್ದದ ದೋಣಿ ನಿಂತಿತ್ತು. ಇಬ್ಬರು ಅಕ್ಕಿ ಚೀಲ ಹೊತ್ತು ಒಂದೇ ಹಲಗೆಯ ಮೇಲೆ ಇಳಿಯುತ್ತಿದ್ದರು.

ಮಾವ ದೋಣಿಯ ಪಕ್ಕೆ ಸವರಿ ನೋಡಿದ. 'ತಮ್ಮಾ, ಒಂದೂ ಮೊಳಿ ಇಲ್ಲ ನೋಡಪಾ. ಹಗ್ಗದಾಗ ಹೊಲದಾರ.'

ಅದು ಕೆಟ್ಟುವಳ್ಳಂ. ನಮ್ಮ 'ಕಟ್ಟು' ಅವರ ಬಾಯಲ್ಲಿ 'ಕೆಟ್ಟು'. ವಳ್ಳಂ ಅಂದರೆ ದೋಣಿ. ಹೆಬ್ಬಲಸಿನ ಹಲಗೆಗಳಿಗೆ ತೂತು ಕೊರೆದು, ಸಂದಿಗೆ ತೆಂಗಿನ ನಾರು ತುರುಕಿ, ನಾರಿನ ಹಗ್ಗದಿಂದ ಬಿಗಿಯುತ್ತಾರೆ. ಮೇಲೆ ಗೇರುಬೀಜದಿಂದ ತೆಗೆದ ಕಪ್ಪು ಎಣ್ಣೆ ಬಳಿಯುತ್ತಾರೆ. ನಮ್ಮ ಆಜರಾ, ಚಂದಗಡದ ಕಡೆ ಕಾಜು ಸುಲಿಯುವ ಹೆಂಗಸರ ಬೆರಳು ಕಪ್ಪಾಗುವುದು ಇದೇ ಎಣ್ಣೆಯಿಂದ. ದೊಡ್ಡ ದೋಣಿ ಸುಮಾರು ನೂರು ಅಡಿ ಉದ್ದ, ಮೂವತ್ತು ಟನ್ ಮಾಲು ಹೊರುತ್ತಿತ್ತು. ಅದನ್ನು ನಡೆಸುತ್ತಿದ್ದುದು ಬಿದಿರ ಗಳ, ಮನುಷ್ಯನ ಹೆಗಲು.

ಸೇತುವೆಗಳು ಬಂದವು, ರಸ್ತೆಗಳು ಬಂದವು. ನಮ್ಮದರಂಥ ಲಾರಿಗಳೇ ಆ ದೋಣಿಗಳ ಕೆಲಸ ಕಿತ್ತುಕೊಂಡವು. 1990ರ ದಶಕದ ಆರಂಭದಲ್ಲಿ ಹಳೆಯ ದೋಣಿಗಳಿಗೆ ಬಿದಿರು, ಚಾಪೆಯ ಮಾಡು ಕಟ್ಟಿ, ಮಂಚ ಹಾಕಿ ಪ್ರವಾಸಿಗರನ್ನು ಕೂರಿಸತೊಡಗಿದರು.

2019ರಲ್ಲಿ ಮಗಳು ನನ್ನನ್ನು ಅಂಥದೊಂದರಲ್ಲಿ ಕೂರಿಸಿದಳು. ಅಕ್ಕಿ ಚೀಲ ಪೇರಿಸುತ್ತಿದ್ದ ಜಾಗದಲ್ಲಿ ಎಸಿ ಕೋಣೆ, ಬಚ್ಚಲುಮನೆ. ಗಳದ ಬದಲು ಎಂಜಿನ್. ಅಕ್ಕಿ ಹೊರುವ ಕಾಲವೇ ಚೆಂದ ಇತ್ತೆಂದು ನಾನು ಹೇಳಲಾರೆ. ಆ ಇಬ್ಬರ ಬೆನ್ನು ನಾನು ಕಂಡಿದ್ದೇನೆ. ಈಗಿನ ಅಡುಗೆಯವನು, ಚಾಲಕ ಭಾರ ಹೊರದೆ ದುಡಿದು ಮನೆ ನಡೆಸುತ್ತಾರೆ. ಗೆದ್ದಲಿಗೆ ಹೋಗಬೇಕಿದ್ದ ಮರ ಉಳಿಯಿತು, ಹೊಲಿಯುವ ಕೈಗಳಿಗೂ ಒಂದಷ್ಟು ಕೆಲಸ ಉಳಿಯಿತು.

ಆದರೆ ಊಟವಾದ ಮೇಲೆ ಹಿಂದೆ ಹೋಗಿ ನಿಂತಾಗ, ಹುಡುಗನೊಬ್ಬ ಎಂಜಲು ನೀರಿನ ಬಕೆಟ್ಟನ್ನು ಹಿನ್ನೀರಿಗೆ ಸುರಿದ. ಇಪ್ಪತ್ತು ಮಾರು ದೂರದ ದಂಡೆಯ ಮೆಟ್ಟಿಲ ಮೇಲೆ ಒಬ್ಬಾಕೆ ಪಾತ್ರೆ ತಿಕ್ಕುತ್ತಿದ್ದಳು. ಅಕ್ಕಿಯ ದೋಣಿ ತನ್ನ ಭಾರವನ್ನು ದಂಡೆಗೆ ಇಳಿಸುತ್ತಿತ್ತು. ಇದು ನೀರಿಗೇ ಇಳಿಸುತ್ತಿದೆ. ಈ ಹಿನ್ನೀರು, ವೆಂಬನಾಡು, 2002ರಿಂದ ಜಗತ್ತಿನ ಮಹತ್ವದ ಜೌಗು ನೆಲಗಳ ರಾಮ್‌ಸಾರ್ ಪಟ್ಟಿಯಲ್ಲಿದೆ. ಪಟ್ಟಿ ನೀರನ್ನು ಕಾಯುವುದಿಲ್ಲ, ದೋಣಿಯವರೇ ಕಾಯಬೇಕು. ಒಕ್ಕಲುತನದವನಾಗಿ ನನಗೆ ಇಷ್ಟು ಗೊತ್ತು: ಅವರಿಗೆ ಆ ನೀರೇ ಹೊಲ. ಹೊಲ ಕೆಟ್ಟರೆ ಎತ್ತು ಎಷ್ಟು ಗಟ್ಟಿ ಇದ್ದರೂ ಉಪಯೋಗವಿಲ್ಲ.

ಇಳಿಯುವಾಗ ಮಾವ ಮಾಡಿದಂತೆಯೇ ಪಕ್ಕೆ ಸವರಿದೆ. ಹೊಲಿಗೆಯ ಹಗ್ಗ ಇನ್ನೂ ಬಿಗಿಯಾಗಿತ್ತು.