ಕರೆಂಟು ಹೋದ ಮೇಲಿನ ಬೆಳಕು

ತೀರ್ಥಹಳ್ಳಿ ಕಡೆ ಕರೆಂಟು ಹೋಗಲು ಮಳೆಯೇ ಬರಬೇಕೆಂದಿಲ್ಲ, ಮೋಡ ಕಟ್ಟಿದರೂ ಸಾಕು. ಮೇ ತಿಂಗಳ ಕೊನೆಗೆ ರೋಹಿಣಿ ಮಳೆ ಒಂದೆರಡು ಸಲ ಹೊಡೆದ ಮೇಲಂತೂ ಯಾವುದೋ ಕೊಂಬೆ ತಂತಿಯ ಮೇಲೆ ಬಿದ್ದು ಊರಿಗೆ ಊರೇ ಕತ್ತಲು. ಮನೆಮನೆಯಿಂದ ಲೈನ್‌ಮನ್ನಿಗೆ ಫೋನು ಹೋಗುತ್ತಿರುವಾಗ, ಆತ ಇನ್ನೊಂದು ಗಂಟೆ ಬರದಿದ್ದರೆ ಒಳ್ಳೆಯದಿತ್ತು ಎಂದು ಹಾರೈಸುವ ದುಷ್ಟ ನಾನೊಬ್ಬನೇ ಇರಬೇಕು. ಅಡಿಕೆ ತೋಟದಾಚೆ ಹಳ್ಳದ ದಂಡೆಯಲ್ಲಿ ಆಗ ಮಿಂಚುಹುಳಗಳು ಎದ್ದಿರುತ್ತವೆ.

ನಮ್ಮ ದೊಡ್ಡಮ್ಮನಿಗೆ ಅವು ಪಂಚಾಂಗ. "ಮಿಂಚುಹುಳ ಎದ್ದವು, ಸೌದೆ ಒಳಗೆ ಹಾಕ್ರೋ" ಎಂದು ಕೂಗುತ್ತಿದ್ದಳು. ನಾವು ಹುಡುಗರು ಸೌದೆ ಬಿಟ್ಟು ಹುಳದ ಹಿಂದೆ ಓಡುತ್ತಿದ್ದೆವು. ಹಿಡಿದು ಅಂಗೈಯಲ್ಲಿಟ್ಟುಕೊಂಡರೆ ಅಕ್ಕಿಕಾಳಿಗಿಂತ ತುಸು ದೊಡ್ಡದು. ಹೊಟ್ಟೆಯ ತುದಿಯ ಒಂದೆರಡು ಪಟ್ಟಿ ಮಾತ್ರ ಬಿಳಿಚಿಕೊಂಡಿರುತ್ತದೆ. ಹಸಿರು ಬೆರೆತ ಹಳದಿ ಬೆಳಕು ಅಲ್ಲಿಂದ ಹೊಮ್ಮಿ ಅಂಗೈಯ ರೇಖೆಗಳು ಕಂಡು ಮಾಯವಾಗುತ್ತವೆ. ಸುಡುವುದಿರಲಿ, ಬೆಚ್ಚಗೂ ಆಗುವುದಿಲ್ಲ. ಹಳೆಯ ತಂತಿಬಲ್ಬು ತಿಂದ ಕರೆಂಟಿನಲ್ಲಿ ಬಹುಪಾಲನ್ನು ಶಾಖ ಮಾಡಿ ಕಳೆಯುತ್ತಿತ್ತು. ಈ ಹುಳ ಅಂಥ ದುಂದುಗಾರನಲ್ಲ.

ಹೊಟ್ಟೆಯೊಳಗಿನ ಲೂಸಿಫೆರಿನ್ ಎಂಬ ವಸ್ತು ಆಮ್ಲಜನಕದೊಡನೆ ಕೂಡುತ್ತದೆ, ಲೂಸಿಫೆರೇಸ್ ಎಂಬ ಕಿಣ್ವ ಆ ಕೂಟ ನಡೆಸಿಕೊಡುತ್ತದೆ. ಬೆಳಕು ಹುಟ್ಟುವುದು ಹಾಗೆ. ಖರ್ಚಿಗೆ ಬೇಕಾದದ್ದು ಎಟಿಪಿ, ನಾವು ಗುಡ್ಡ ಹತ್ತುವಾಗ ನಮ್ಮ ಸ್ನಾಯುಗಳು ಖರ್ಚು ಮಾಡುವುದೂ ಅದನ್ನೇ. ಈ ಬೆಳಕಿಗೆ ಎಟಿಪಿ ಬೇಕೆಂದು 1947ರಲ್ಲಿ ತೋರಿಸಿಕೊಟ್ಟವರು ಅಮೆರಿಕದ ವಿಲಿಯಂ ಮೆಕೆಲ್ರಾಯ್. ಬಾಲ್ಟಿಮೋರ್‌ನ ಮಕ್ಕಳಿಗೆ ದುಡ್ಡು ಕೊಟ್ಟು ಅವರು ಮಿಂಚುಹುಳ ಹಿಡಿಸಿ ತರಿಸುತ್ತಿದ್ದರು. ನಮಗೆ ಅದೇ ಕೆಲಸಕ್ಕೆ ಸಿಕ್ಕಿದ್ದು ಬೈಗುಳ. ಈಗ ಆಹಾರ ತಯಾರಿಸುವ ಕಾರ್ಖಾನೆಗಳಲ್ಲಿ ಪಾತ್ರೆ ಸರಿಯಾಗಿ ತೊಳೆದಿದೆಯೇ ಎಂದು ನೋಡುವುದಕ್ಕೂ ಈ ಹುಳದ ರಸಾಯನವೇ ಬೇಕು: ಕೊಳೆಯಲ್ಲಿ ಜೀವಕಣದ ಅಂಶ ಉಳಿದಿದ್ದರೆ ಎಟಿಪಿ ಇರುತ್ತದೆ, ಎಟಿಪಿ ಇದ್ದರೆ ಬೆಳಗುತ್ತದೆ.

ಇಷ್ಟೆಲ್ಲ ಏರ್ಪಾಡು ಮದುವೆಗಾಗಿ. ಗಂಡು ಮಿನುಗುತ್ತ ಹಾರುತ್ತದೆ, ಹೆಣ್ಣು ಸಾಮಾನ್ಯವಾಗಿ ಹುಲ್ಲಿನ ಮೇಲೋ ಕೆಸುವಿನೆಲೆಯ ಮೇಲೋ ಕೂತು ಮೆಚ್ಚಿದವನಿಗೆ ಮಾತ್ರ ಉತ್ತರ ಕೊಡುತ್ತದೆ. ಲೋಕದಲ್ಲಿ 2000ಕ್ಕೂ ಹೆಚ್ಚು ಜಾತಿಯ ಮಿಂಚುಹುಳಗಳಿವೆ. ಎಷ್ಟು ಹೊತ್ತು ಬೆಳಗಬೇಕು, ಎಷ್ಟು ಹೊತ್ತು ಬಿಡಬೇಕು ಎಂಬ ಲೆಕ್ಕ ಒಂದೊಂದು ಜಾತಿಗೂ ಬೇರೆ. ಅಮೆರಿಕದ ಫೋಟುರಿಸ್ ಕುಲದ ಹೆಣ್ಣು ಬೇರೆ ಜಾತಿಯ ಲೆಕ್ಕವನ್ನು ಕಲಿತಂತೆ ಮಿನುಗಿ, ನಂಬಿ ಬಂದ ವರನನ್ನು ತಿಂದುಹಾಕುತ್ತದೆ. ಪುಣ್ಯಕ್ಕೆ ಆ ಕುಲ ನಮ್ಮ ಹಳ್ಳದಲ್ಲಿಲ್ಲ. ಮರಿಹುಳಗಳೂ ಬೆಳಗುತ್ತವೆ, ಅದು ಮದುವೆಗಲ್ಲ, ನನ್ನ ರುಚಿ ಚೆನ್ನಾಗಿಲ್ಲ ಎಂದು ಕಪ್ಪೆಯಂಥವರಿಗೆ ಮುಂಚೆಯೇ ಹೇಳಿಬಿಡುವುದಕ್ಕೆ.

ಈ ಮರಿಗಳು ತಿಂಗಳುಗಟ್ಟಲೆ ತರಗೆಲೆಯಡಿ, ಒದ್ದೆ ಮಣ್ಣಿನಲ್ಲಿ ಬಸವನಹುಳ ತಿಂದುಕೊಂಡು ಬೆಳೆಯುತ್ತವೆ. ರೆಕ್ಕೆ ಬಂದ ಮೇಲಿನ ಬಾಳು ಕೆಲವೇ ವಾರ. ಹುಡುಕಿ, ಒಲಿಸಿ, ಮೊಟ್ಟೆಯಿಡುವುದೆಲ್ಲ ಅಷ್ಟರಲ್ಲೇ ಮುಗಿಯಬೇಕು. ಆ ಹೊತ್ತಿಗೆ ಸರಿಯಾಗಿ ನಾವು ಅಂಗಳಕ್ಕೊಂದು, ಗೇಟಿಗೊಂದು, ಕೊಟ್ಟಿಗೆಗೊಂದು ಎಲ್‌ಇಡಿ ಹಾಕಿದ್ದೇವೆ. ಆ ಬೆಳಕಿನ ಎದುರು ಗಂಡಿನ ಮಿನುಗು ಹೆಣ್ಣಿಗೆ ಕಾಣುವುದೇ ಇಲ್ಲ. ಹೋದ ವರ್ಷ ಪಕ್ಕದ ಹೋಂಸ್ಟೇಗೆ ಬಂದವರು ಫೋನಿನ ಟಾರ್ಚು ಹಳ್ಳದತ್ತ ಹಿಡಿದುಕೊಂಡೇ ನನ್ನನ್ನು ಕೇಳಿದರು: "ಮಿಂಚುಹುಳ ಇದಾವೆ ಅಂದ್ರು, ಎಲ್ಲಿ ಸಾರ್, ಒಂದೂ ಕಾಣ್ತಿಲ್ಲ?"

ಮಲೆನಾಡಿನಲ್ಲಿ ಮನೆಯಿರುವವರಲ್ಲಿ ನನ್ನದೊಂದು ಕೋರಿಕೆ. ರೋಹಿಣಿ ಮಳೆ ಮುಗಿಯುವ ತನಕ ಸಂಜೆ 7ರಿಂದ 9ರವರೆಗಾದರೂ ಹೊರಗಿನ ದೀಪ ಆರಿಸಿ. ತೋಟದಂಚಿನ ತರಗನ್ನು ಪೂರ್ತಿ ಗುಡಿಸಿ ಸುಡಬೇಡಿ. ನೋಡಲು ಬರುವವರು ಫೋನನ್ನು ಕಿಸೆಯಲ್ಲಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ನಿಲ್ಲಿ. ಕತ್ತಲಿಗೆ ಕಣ್ಣು ಒಗ್ಗಲು ಹತ್ತು ನಿಮಿಷವಾದರೂ ಬೇಕು.